ಕೋಣೆಯ ಮೌನ

ಮಾರ್ಚ್ ೩, ಸೋಮವಾರ

‘ಒಲೆಗೆ ಹೊಟ್ಟೆಯಿದೆ, ದೀಪಕ್ಕಿಲ್ಲ.’ ಸಾಲು ಹೀಗೇ ಇತ್ತೇ? ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಗೆ ಬರೆದು ಅಂಟಿಸಿಕೊಂಡಿದ್ದೆ. ಇದರ ಹಿಂದಿನದೂ ಮುಂದಿನದೂ ಮರೆತುಹೋಗಿದೆ. ದೀಪಕ್ಕೆ ಎಣ್ಣೆ ಬೇಡವೇ ಎಂದು ಯಾರಾದರೂ ಕೇಳಬಹುದು. ಕೇಳುವವರು ಇದ್ದೇ ಇರುತ್ತಾರೆ, ನನ್ನ ತಂಗಿಯಂಥವರು. ಹೂವು ತೋರಿಸಿದರೆ ಕಾಯಿ ಯಾವಾಗ ಎನ್ನುವ ಜನ.

ಸಾಲು ಇವತ್ತು ನೆನಪಾಗುವುದಕ್ಕೆ ಕಾರಣವಿದೆ. ಅದನ್ನು ಬರೆದ ಕವಿಯ ಸಮಗ್ರ ಕವಿತೆಗಳನ್ನು ಓದುವ ಕೆಲಸ ಕೊನೆಗೂ ನನಗೆ ಸಿಕ್ಕಿದೆ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಗ್ರಂಥಾಲಯ ನಮ್ಮದು. ಇಷ್ಟು ವರ್ಷ ನನ್ನ ಪಾಲಿಗೆ ಬಂದದ್ದು ತೆರಿಗೆಯ ಕೈಪಿಡಿ, ಸಕ್ಕರೆ ಕಾಯಿಲೆಯವರಿಗೆ ಸಲಹೆ, ಕೊಲೆಗಾರ ಯಾರೆಂದು ಎರಡನೇ ಪುಟದಲ್ಲೇ ಗೊತ್ತಾಗುವ ಪತ್ತೇದಾರಿ ಕಾದಂಬರಿ. ಕವಿತೆ ಬಂದಾಗಲೆಲ್ಲ ಜೇನುಕಂಠನಿಗೆ ಹೋಗುತ್ತಿತ್ತು. ಸೋಪಿನ ಜಾಹೀರಾತಿಗೆ ಧ್ವನಿ ಕೊಡುವ ಮನುಷ್ಯ. ಸಾವಿನ ಪದ್ಯವನ್ನೂ ನೊರೆ ಬರುವ ಹಾಗೆ ಓದುತ್ತಾನೆ. ಈ ಸಲ ಮುಖ್ಯಸ್ಥೆಯ ಎದುರು ನಿಂತು ನನಗೇ ಬೇಕು ಎಂದೆ. ಎಂದೂ ಏನನ್ನೂ ಬೇಕು ಎನ್ನದವಳು ಕೇಳಿದ್ದರಿಂದ ಆಕೆಗೆ ಗಾಬರಿಯಾಯಿತು, ಕೊಟ್ಟುಬಿಟ್ಟಳು. ಮೇ ತಿಂಗಳ ಕೊನೆಗೆ ಮುಗಿಸಬೇಕು. ತಪ್ಪಿದರೆ ಜೇನುಕಂಠ ಗಂಟಲು ಸರಿಮಾಡಿಕೊಂಡು ಕೂತಿದ್ದಾನೆ.

ಸಂಜೆ ಇವರಿಗೆ ತರಕಾರಿ ಸೂಪು, ಹುರಿದ ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು. ಬೆಣ್ಣೆ ಅಂಚಿನವರೆಗೂ ಸವರಿದ್ದೆ, ಒಂದು ಕೂದಲೆಳೆಯಷ್ಟೂ ಬಿಡದೆ. ‘ನಿಂದು?’ ಎಂದರು. ‘ನಂದಾಯ್ತು’ ಎಂದೆ. ನಂಬಿದರು. ಕನ್ನಡಕದ ಅಂಗಡಿಯಿಟ್ಟು ಊರವರ ಕಣ್ಣಿಗೆಲ್ಲ ನಂಬರು ಕೊಡುವ ಗಂಡ ನನಗೆ. ತಿನ್ನುವವರನ್ನು ನಿಂತು ನೋಡುವುದು ಒಂದು ವಿನೋದ. ದವಡೆ ಆಡುತ್ತದೆ, ಕಿವಿಯ ಪಕ್ಕ ನರ ಏಳುತ್ತದೆ, ಕಣ್ಣು ಮಬ್ಬಾಗುತ್ತದೆ. ದನವನ್ನು ಮಾತ್ರ ದನ ಎಂದು ಬಯ್ಯುತ್ತೇವೆ.

ಮಾರ್ಚ್ ೫, ಬುಧವಾರ

ಮೊದಲ ದಿನದ ಓದು. ನಮ್ಮಲ್ಲಿ ಒಂದು ಪದ್ಧತಿಯಿದೆ. ಓದುವ ಮೊದಲು ಕೋಣೆಯ ಬಾಗಿಲು ಹಾಕಿ, ಓದುವವರು ಮೈಕಿನ ಮುಂದೆ ಒಂದು ನಿಮಿಷ ಸುಮ್ಮನೆ ಕೂರಬೇಕು. ಆ ಮೌನವನ್ನು ಹಿಡಿದಿಟ್ಟುಕೊಂಡು, ಆಮೇಲೆ ತಪ್ಪುಗಳನ್ನು ಕತ್ತರಿಸಿದ ಜಾಗದಲ್ಲಿ ತೇಪೆ ಹಾಕುತ್ತಾರೆ. ಪ್ರತಿಯೊಬ್ಬರು ಕೂತಾಗಲೂ ಕೋಣೆಯ ಮೌನ ಬೇರೆಯಂತೆ. ಹೀಗೆ ಹೇಳುವವನು ಕಿವಿಯಪ್ಪ. ನಮ್ಮ ಸೌಂಡ್ ಇಂಜಿನಿಯರಿಗೆ ನಾವಿಟ್ಟ ಹೆಸರು. ಅವನಿಗೂ ಗೊತ್ತು, ಬೇಜಾರಿಲ್ಲ.

‘ಮೇಡಂ, ಮೌನ ತಗೊಳ್ಳೋಣ್ವಾ?’ ಎಂದ ಗಾಜಿನಾಚೆಯಿಂದ. ಕಣ್ಣು ಮುಚ್ಚಿದೆ. ಅರ್ಧ ನಿಮಿಷವಾಗಿರಬೇಕು, ಹೊಟ್ಟೆಯೊಳಗೆ ಏನೋ ಉರುಳಿತು. ಉದ್ದಕ್ಕೆ, ಸಾವಕಾಶವಾಗಿ, ಯಾರೋ ಮಂಚ ಎಳೆದ ಹಾಗೆ.

‘ಏನೋ ಬಂತಲ್ಲ,’ ಎಂದ ಕಿವಿಯಪ್ಪ. ಎದ್ದು ಗೋಡೆಗೆ ಕಿವಿಯಿಟ್ಟ. ‘ಮೇಲಿನ ಮಹಡಿ ನೀರಿನ ಪೈಪು. ಹಾಳಾದ್ದು.’

ನಾನು ಪುಟ ಸರಿಮಾಡಿಕೊಂಡೆ. ಅವನ ಕಿವಿಯ ಬಗ್ಗೆ ಇಲ್ಲಿ ಕಥೆಗಳಿವೆ: ಪುಟ ತಿರುವಿದ ಸದ್ದಿನಲ್ಲೇ ಕಾಗದದ ದಪ್ಪ ಹೇಳುತ್ತಾನಂತೆ. ಹೇಳಲಿ, ಹೇಳಲಿ.

‘ಕೊಡೆ ಮಡಚಿಟ್ಟ ಮೇಲೂ ಮೂಲೆಯಲ್ಲಿ ಮಳೆ’ ಎಂಬ ಸಾಲು ಓದಿ ನಿಲ್ಲಿಸಿದಾಗ ಅದು ಮತ್ತೆ ಬಂತು. ‘ಸೊಗಸಾಗಿ ಗುಡುಗ್ತು ಮೇಡಂ,’ ಎಂದು ನಕ್ಕ. ‘ಆದ್ರೆ ಕವಿ ಗುಡುಗು ಬರ್ದಿಲ್ವಲ್ಲ, ಇನ್ನೊಂದ್ಸಲ ಓದಿ.’

ಮಾರ್ಚ್ ೮, ಶನಿವಾರ

ತಂಗಿ ಬಂದಿದ್ದಳು. ಸದಾ ಏನಾದರೊಂದು ಪಥ್ಯದಲ್ಲಿರುತ್ತಾಳೆ. ಈ ತಿಂಗಳು ಬಿಳಿ ಬಣ್ಣದ್ದು ಏನನ್ನೂ ಮುಟ್ಟುವುದಿಲ್ಲವಂತೆ. ಹಾಗೆಂದು ಹೇಳುತ್ತಲೇ ನಾನು ಇವರಿಗೆಂದು ಮಾಡಿಟ್ಟ ಬಿಸ್ಕತ್ತಿನ ಡಬ್ಬಿ ಅರ್ಧ ಖಾಲಿ ಮಾಡಿದಳು. ಬಿಸ್ಕತ್ತು ಕಂದುಬಣ್ಣ, ತಕರಾರಿಲ್ಲ.

‘ಅಕ್ಕ, ಎಷ್ಟು ಸಣ್ಣ ಆಗಿದೀಯೇ. ಈ ವಯಸ್ಸಲ್ಲಿ. ಗುಟ್ಟೇನು, ನಂಗೂ ಹೇಳೇ.’

‘ಗುಟ್ಟೇನಿಲ್ಲ. ಬಾಯಿ ಮುಚ್ಕೊಂಡಿರೋದು.’

‘ನಿಂಗೆ ಮೊದಲಿಂದ್ಲೂ ಮನಸ್ಸು ಗಟ್ಟಿ. ನಂದೋ, ನೀರು ಕುಡಿದ್ರೂ ಊದ್ಕೋತೀನಿ.’

ನನ್ನ ಮಣಿಕಟ್ಟನ್ನು ಹಿಡಿದು ತನ್ನ ಹೆಬ್ಬೆರಳು ತೋರುಬೆರಳು ಸೇರಿಸಿ ಅಳತೆ ನೋಡಿದಳು. ಅವಳ ಕಣ್ಣಲ್ಲಿ ಹೊಟ್ಟೆಕಿಚ್ಚು. ಅದನ್ನು ನೋಡಿ ನನಗೆ ಆದದ್ದು ಖುಷಿ ಎಂದೇ ಹೇಳಬೇಕು, ಬೇರೆ ಪದ ಹುಡುಕುವುದು ಬೇಡ. ಚಿಕ್ಕಂದಿನಿಂದ ಚಂದದವಳು ಅವಳು, ಬುದ್ಧಿಯವಳು ನಾನು. ಈಗ ಎರಡೂ ಖಾತೆ ನನ್ನಲ್ಲೇ.

ಹೋಗುವಾಗ ‘ಕೈಯೆಲ್ಲ ಯಾಕಿಷ್ಟು ತಣ್ಣಗಿದೆ?’ ಎಂದಳು. ಉತ್ತರ ಕೇಳಲು ನಿಲ್ಲಲಿಲ್ಲ. ಬಸ್ಸು ಬಂತು.

ಮಾರ್ಚ್ ೧೧, ಮಂಗಳವಾರ

ಕಿವಿಯಪ್ಪ ತಂತಿಗಳನ್ನೆಲ್ಲ ಬದಲಾಯಿಸಿದ. ಹೊರಗಿನ ಫ್ರಿಜ್ಜು ಆರಿಸಿದ. ಮೇಲಿನ ಮಹಡಿಯವರಿಗೆ ಹತ್ತರಿಂದ ಒಂದರವರೆಗೆ ನಲ್ಲಿ ತಿರುಗಿಸಬೇಡಿ ಎಂದು ಕೈಮುಗಿದು ಬಂದ. ‘ಪೈಪು’ ಬಿಡಲಿಲ್ಲ. ನಾನು ಗಂಭೀರವಾಗಿ ಕೂತಿದ್ದೆ. ಕಿವಿಯಪ್ಪನೂ ಆಫೀಸಿನ ಇನ್ನಿಬ್ಬರೂ ಸೇರಿ ಮೂರು ದೊಡ್ಡ ಗಂಡಸರು ಗೋಡೆಗೆ ಕಿವಿಯಿಟ್ಟು ನಿಂತದ್ದು ನೋಡಲು ಚೆನ್ನಾಗಿತ್ತು.

ಮಾರ್ಚ್ ೧೪, ಶುಕ್ರವಾರ

ಪಕ್ಕದ ಮನೆಯ ಭೂಗೋಳ ಇವತ್ತು ಬಾಗಿಲಿಗೆ ಬಂದಳು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಆಕಾರವೂ ವಿಷಯಕ್ಕೆ ಒಪ್ಪುತ್ತದೆ. ಗಂಡ ತೀರಿಕೊಂಡು ಒಬ್ಬಳೇ ಇದ್ದಾಳೆ. ಅವಳ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಅದೂ ಕಟ್ಟಿದವನು ಇಟ್ಟಿಗೆ ಉಳಿಸಿಕೊಂಡ ಗೋಡೆ.

‘ಬೆಳಿಗ್ಗೆ ನೀವು ಪದ್ಯ ಓದೋದು ಕೇಳುತ್ತೆ ಕಣ್ರೀ. ಚೆನ್ನಾಗಿರುತ್ತೆ. ಆದ್ರೆ ಈಚೀಚೆಗೆ ದನಿ ಸ್ವಲ್ಪ ತೆಳ್ಳಗಾಗಿದೆ, ಅಲ್ವಾ?’

ಕಾಲು ಶತಮಾನ ನದಿಗಳ ಹೆಸರು ಬಾಯಿಪಾಠ ಮಾಡಿಸಿದವಳು ನನ್ನ ದನಿ ವಿಮರ್ಶೆಗೆ ಇಳಿದಿದ್ದಾಳೆ.

‘ಹವಾಮಾನ,’ ಎಂದೆ. ಅದು ಅವಳ ವಿಷಯ, ಒಪ್ಪಿಕೊಂಡಳು.

‘ಸಂಜೆ ನಿಮ್ಮನೇಲಿ ಊಟಕ್ಕೆ ಕೂತಿದ್ದೂ ಗೊತ್ತಾಗುತ್ತೆ. ಚಮಚದ ಸದ್ದು. ಆಗ್ಲೇ ನಾನೂ ತಟ್ಟೆ ಹಾಕ್ಕೋತೀನಿ. ಒಬ್ಳೇ ತಿನ್ನೋಕೆ ಬೇಜಾರು ನೋಡಿ, ಗೋಡೆ ಆಚೆ ಯಾರೋ ಜೊತೆಗಿದಾರೆ ಅನ್ಸುತ್ತೆ.’ ಸ್ವಲ್ಪ ತಡೆದು, ‘ಒಂದೇ ಚಮಚ ಕೇಳುತ್ತೆ. ನೀವು ಮುಂಚೇನೇ ಮುಗಿಸ್ಕೋತೀರೇನೋ.’

‘ಹೌದು, ನಂದು ಬೇಗ.’

ಗೋಡೆಗೂ ಕಿವಿಯಪ್ಪ ಹುಟ್ಟಿಕೊಂಡ.

ಮಾರ್ಚ್ ೧೯, ಬುಧವಾರ

ಇವರ ಹುಟ್ಟುಹಬ್ಬ. ಮಧ್ಯಾಹ್ನವೆಲ್ಲ ನಿಂತು ಮೂರು ಪದರದ ಕೇಕು ಮಾಡಿದೆ. ಬೆರಳಿಗೆ ಹತ್ತಿದ್ದನ್ನು ನಲ್ಲಿಯಡಿ ತೊಳೆದೆ. ಎರಡು ಸಲ ಸೋಪು ಹಾಕಿ.

ಇವರು ಮೊದಲ ತುಂಡು ಕತ್ತರಿಸಿ ನನ್ನ ಬಾಯಿಯ ಹತ್ತಿರ ಹಿಡಿದರು. ಎದೆ ಹೊಡೆದುಕೊಳ್ಳತೊಡಗಿತು. ಒಂದು ತುಂಡು ಕೇಕಿಗೆ. ಎದುರಿಗೆ ಹುಲಿ ನಿಂತಿದ್ದರೆ ಆಗುವಷ್ಟು. ‘ಹಲ್ಲು ನೋವು’ ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡರು. ಆ ತುಂಡನ್ನು ತಾವು ತಿನ್ನಲಿಲ್ಲ, ತಟ್ಟೆಯ ಅಂಚಿನಲ್ಲಿಟ್ಟರು.

ಎಂಥ ನಾಟಕ. ಐವತ್ತೆರಡರ ಗಂಡಸು ಮದುವೆಮನೆಯ ಹುಡುಗನ ಹಾಗೆ ತುತ್ತು ಹಿಡಿಯುವುದು.

ಮಾರ್ಚ್ ೨೪, ಸೋಮವಾರ

ಕೊಳಾಯಿ ರಿಪೇರಿಯವನನ್ನು ಕರೆಸಿದರು. ಅವನು ಸುತ್ತಿಗೆ ತೆಗೆದುಕೊಂಡು ಸ್ಟುಡಿಯೋದ ಗೋಡೆ ಒಡೆದ. ಒಳಗೆ ಪೈಪೇ ಇರಲಿಲ್ಲ. ‘ಈ ಗೋಡೇಲಿ ಯಾವತ್ತೂ ಪೈಪು ಹಾಯ್ಸಿಲ್ಲ ಸ್ವಾಮಿ, ನಿಮಗೆ ಯಾರು ಹೇಳಿದ್ದು?’ ಎಂದು ಕಿವಿಯಪ್ಪನನ್ನು ಕೇಳಿದ. ಕಿವಿಯಪ್ಪ ಒಡೆದ ತೂತಿನೊಳಗೆ ಕಣ್ಣು ಹಾಕಿ ನಿಂತಿದ್ದ, ಪರೀಕ್ಷೆಯಲ್ಲಿ ಫೇಲಾದವನ ಮುಖ.

ಈಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಒಂದು ಹೊಟ್ಟೆಯನ್ನು ಗುರುತು ಹಿಡಿಯಲಾಗದವರು ಗೋಡೆ ಒಡೆಯಲಿ. ಗೆದ್ದೆ ಅನ್ನಿಸಿತು. ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ.

ಮಾರ್ಚ್ ೨೭, ಗುರುವಾರ

ಸ್ವೆಟರಿನ ಮೇಲೆ ಸ್ವೆಟರು. ಹೊರಗೆ ಜನ ಬೀಸಣಿಗೆ ಹಿಡಿದಿದ್ದಾರೆ.

ಬಾಚಣಿಗೆಯಲ್ಲಿ ಕೂದಲು.

ಪದ್ಯ ಪುಟದ ಮೇಲೆ ಹಾಗೇ ಇರುತ್ತದೆ, ಒಳಗೆ ಬರುವುದಿಲ್ಲ. ಒಂದೇ ಪುಟ ಮತ್ತೆ ಮತ್ತೆ ಓದಿದೆ. ‘ಕಿಟಕಿ’ ಎಂಬ ಪದ ಬಂದಾಗ ಅಡುಗೆಮನೆಯ ಕಿಟಕಿ, ಅದರ ಕೆಳಗಿನ ಬ್ರೆಡ್ಡು ಅಷ್ಟೇ ಕಾಣುತ್ತದೆ. ಕವಿಯದೇ ತಪ್ಪು. ವಯಸ್ಸಾದ ಮೇಲೆ ಬರೆದ ಪದ್ಯಗಳೆಲ್ಲ ಸಪ್ಪೆ.

ಏಪ್ರಿಲ್ ೧, ಮಂಗಳವಾರ

ಇವತ್ತಿನ ದಿನಕ್ಕೆ ಒಪ್ಪುವ ಕೆಲಸವನ್ನೇ ಮಾಡಿದೆ. ‘ಮೌನ ತಗೊಳ್ಳೋಣ ಮೇಡಂ’ ಎಂದದ್ದು ಕೇಳಿಸಿತು. ಆಮೇಲೆ ನಿಜವಾಗಿಯೂ ಮೌನ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮೈಕು ಸ್ಟ್ಯಾಂಡು ಸಮೇತ ನನ್ನ ಪಕ್ಕ ಮಲಗಿತ್ತು. ಕಿವಿಯಪ್ಪನ ಕಣ್ಣಲ್ಲಿ ನೀರು. ಗಂಡಸರು ಅಳುವುದು ನೋಡಲಾಗುವುದಿಲ್ಲ, ಮೂಗು ಕೆಂಪಾಗುತ್ತದೆ.

‘ಬೆಳಿಗ್ಗೆ ಏನು ತಿಂದ್ರಿ ಮೇಡಂ?’

‘ನಂದಾಯ್ತು,’ ಎಂದೆ.

ಅವನು ನನ್ನ ಮುಖ ನೋಡಿದ, ಆಮೇಲೆ ಒಡೆದ ಗೋಡೆ ನೋಡಿದ. ಆಗ ಹೊಟ್ಟೆ ತಾನಾಗಿ ಮಾತಾಡಿತು. ಮೈಕಿಲ್ಲದೆ, ಕೋಣೆಗೆಲ್ಲ ಕೇಳುವ ಹಾಗೆ. ಅವನು ತಲೆ ತಗ್ಗಿಸಿಕೊಂಡ. ಗುರುತು ಹಿಡಿದ. ಇಷ್ಟು ದಿನ ಬೇಕಾಯಿತು.

ಏಪ್ರಿಲ್ ೩, ಗುರುವಾರ

ಮುಖ್ಯಸ್ಥೆಯ ಅಪ್ಪಣೆಯಾಗಿದೆ. ವೈದ್ಯರು ಸರಿ ಎಂದು ಬರೆದುಕೊಟ್ಟರೆ ಮಾತ್ರ ಓದು. ಇಲ್ಲದಿದ್ದರೆ ಉಳಿದ ಅರ್ಧ ಪುಸ್ತಕ ಜೇನುಕಂಠನಿಗೆ. ಕೊಡೆ, ಮಳೆ, ಮೂಲೆ ಎಲ್ಲದಕ್ಕೂ ಇನ್ನು ಸೋಪಿನ ನೊರೆ.

ಹೋಗುತ್ತೇನೆ. ಒಂದು ಚೀಟಿ ಬರೆಸಿಕೊಂಡು ಬರುವುದು ತಾನೆ.

ಏಪ್ರಿಲ್ ೭, ಸೋಮವಾರ

ಚೀಟಿ ಕೊಡಲಿಲ್ಲ. ವೈದ್ಯರು ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿ ನೋಡಿದರು, ಎದೆಬಡಿತ ನಿಧಾನವಾಗಿದೆ, ಹೀಗೇ ಬಿಟ್ಟರೆ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ ಎಂದು ಹೇಳಿ ಮನೋವೈದ್ಯೆಯ ಹತ್ತಿರ ಕಳಿಸಿದರು. ಎಲ್ಲಕ್ಕೂ ‘ಹ್ಞೂಂ’ ಎನ್ನುವ ಹೆಂಗಸು. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ಒಳಗೆ ಹೂತುಹೋದೆ. ಗೋಡೆಯ ಮೇಲೆ ಸೂರ್ಯೋದಯದ ಚಿತ್ರ. ನಿರೀಕ್ಷೆಯಿದ್ದದ್ದೇ.

ಕಾಯಿಲೆಗೆ ಅವಳು ಇಟ್ಟ ಹೆಸರು ಕೇಳಿ ನಗು ಬಂತು. ‘ಅದು ಸಣ್ಣಗಾಗೋಕೆ ಊಟ ಬಿಟ್ಟು ಕನ್ನಡಿ ಮುಂದೆ ನಿಲ್ಲೋ ಕಾಲೇಜು ಹುಡುಗೀರ ಕಾಯಿಲೆ ಅಲ್ವಾ? ನಂಗೆ ಕನ್ನಡಿ ನೋಡೋ ಅಭ್ಯಾಸಾನೇ ಇಲ್ಲ.’

‘ಹ್ಞೂಂ. ಹೋದ ವಾರ ಇದಕ್ಕೇ ಬಂದವರಿಗೆ ಮೊಮ್ಮಗ ಇದಾನೆ,’ ಎಂದಳು. ‘ನಿಮಗೆ ಮೊದಲೂ ಒಂದ್ಸಲ ಹೀಗಾಗಿತ್ತಾ?’

ಹಾಸ್ಟೆಲಿನಲ್ಲಿ ಊಟ ಬಿಟ್ಟದ್ದು ಹೇಳಿದೆ. ಆಗ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಓದಿನ ಹುಚ್ಚು ಎನ್ನುತ್ತಿದ್ದಳು ಅಮ್ಮ. ಅಮ್ಮ ಎಂದ ತಕ್ಷಣ ಪೆನ್ನು ಎತ್ತಿಕೊಂಡಳು. ಈ ಮನೋವೈದ್ಯರಿಗೆ ಅಮ್ಮಂದಿರು ಸಿಕ್ಕರೆ ಸಾಕು. ಸರಿ, ತೆಗೆದುಕೋ ಎಂದು ಅದನ್ನೂ ಕೊಟ್ಟೆ. ಹೋದ ವರ್ಷ ಅಮ್ಮ ಹಾಸಿಗೆ ಹಿಡಿದಾಗ ಉಣಿಸುತ್ತಿದ್ದವಳು ನಾನು. ಚಮಚ ಹತ್ತಿರ ತಂದರೆ ತುಟಿ ಬಿಗಿಯುತ್ತಿದ್ದಳು. ಬೈದೆ, ಬೇಡಿಕೊಂಡೆ, ಪದ್ಯ ಹೇಳಿದೆ. ತೆರೆಯಲಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಅದು ನನಗೆ ಅಸಹ್ಯವಾಯಿತು. ಅಷ್ಟೇ.

‘ಹ್ಞೂಂ,’ ಎಂದಳು. ‘ನೀವು ಯಾರನ್ನೂ ಬಿಡೋಲ್ಲ ಅಲ್ವಾ? ಇಷ್ಟು ಜನಾನ ಬೈಯೋಕೆ ಶಕ್ತಿ ಎಲ್ಲಿಂದ ಬರುತ್ತೆ?’

‘ಖಾಲಿ ಹೊಟ್ಟೆಯಿಂದ.’

ಈ ಸಲ ‘ಹ್ಞೂಂ’ ಎನ್ನಲಿಲ್ಲ. ನಕ್ಕಳು. ನಗುತ್ತಾಳೆಂದು ನಾನು ಎಣಿಸಿರಲಿಲ್ಲ.

ಮುಂದಿನ ವಾರ ಮತ್ತೆ ಬರಬೇಕಂತೆ. ಚೀಟಿಗಾಗಿ ಹೋಗಬೇಕು, ವಿಧಿಯಿಲ್ಲ.

ಏಪ್ರಿಲ್ ೧೦, ಗುರುವಾರ

ನನ್ನ ಕನ್ನಡಕ ಸ್ಟುಡಿಯೋದಲ್ಲೇ ಉಳಿದಿತ್ತು, ತರಲು ಹೋದೆ. ಗೋಡೆಗೆ ಹೊಸ ಗಾರೆ ಮೆತ್ತಿದ್ದಾರೆ, ಇನ್ನೂ ಹಸಿ. ಕಿವಿಯಪ್ಪ ಒಬ್ಬನೇ ಹೆಡ್‌ಫೋನು ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಗಡಬಡಿಸಿ ಏನೋ ನಿಲ್ಲಿಸಿದ.

‘ಏನದು?’

‘ಏನಿಲ್ಲ ಮೇಡಂ. ಪೈಪು.’ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕತ್ತರಿಸಿ ತೆಗೆದ ತುಂಡುಗಳನ್ನು ಅವನು ಬಿಸಾಡುವುದಿಲ್ಲ. ಒಂದಾದ ಮೇಲೊಂದು ಜೋಡಿಸಿಟ್ಟಿದ್ದಾನೆ. ಸದ್ದಿನ ಮೂಲ ಹುಡುಕಲು ಹಾಗೆ ಮಾಡುವುದು ಅವನ ಕ್ರಮವಂತೆ. ‘ದಿನಾ ಇದನ್ನೇ ಕೇಳಿದೀನಿ. ಪೈಪು, ಫ್ಯಾನು, ಪಾರಿವಾಳ, ಏನೇನೋ ಅಂದ್ಕೊಂಡೆ. ಮನುಷ್ಯರದು ಅಂತ ಹೊಳೀಲೇ ಇಲ್ವಲ್ಲ ಮೇಡಂ. ಎಂಥ ಕಿವಿ ನಂದು.’

‘ಕೊಡಿ ಇಲ್ಲಿ,’ ಎಂದೆ. ನಗೋಣ ಎಂದೇ ಕೇಳಿದ್ದು.

ನನ್ನ ದನಿ ಒಂದು ಸಾಲು ಓದುತ್ತದೆ, ನಿಲ್ಲುತ್ತದೆ. ನಿಂತಲ್ಲಿ ಅದು ಬರುತ್ತದೆ. ಮತ್ತೊಂದು ಸಾಲು. ಮತ್ತೆ ಅದು. ಸಣ್ಣದು, ಉದ್ದದ್ದು, ಕೊನೆಗೆ ಪ್ರಶ್ನೆಯ ಹಾಗೆ ಮೇಲೇರುವುದು. ಒಂದು ಸಲವೂ ಸಾಲಿನ ನಡುವೆ ಬಾಯಿ ಹಾಕಿಲ್ಲ.

‘ಓದುವಾಗ ನಿಮ್ಮ ದನಿ ಅದನ್ನ ಮುಚ್ಚುತ್ತೆ ಮೇಡಂ, ಅದಕ್ಕೆ ನಡುವೆ ಕೇಳಲ್ಲ,’ ಎಂದ.

ಇರಬಹುದು. ನನಗೆ ಕೇಳಿಸಿದ್ದು ಬೇರೆ. ನಾನು ಸಾಲು ಮುಗಿಸಲಿ ಎಂದು ಕಾದು, ಸರದಿ ಬಂದಾಗ ಮೆಲ್ಲಗೆ ಕೇಳಿ, ಉತ್ತರ ಸಿಗದೆ ಸುಮ್ಮನಾಗಿ, ಮತ್ತೆ ಕಾಯುವ ಯಾವುದೋ ಒಂದು. ಇಷ್ಟು ಮರ್ಯಾದಸ್ತ ಪ್ರಾಣಿಯನ್ನು ನಾನು ಈ ಊರಲ್ಲಿ ಕಂಡಿಲ್ಲ. ಇಷ್ಟು ದಿನದಿಂದ ನನ್ನಲ್ಲಿ ಬಾಡಿಗೆಗಿದೆ.

ಕನ್ನಡಕ ಅಲ್ಲೇ ಮರೆತು ಬಂದೆ.

ಏಪ್ರಿಲ್ ೧೧, ಶುಕ್ರವಾರ

ಬಾಳೆಹಣ್ಣು. ಅರ್ಧ. ಮುಗಿಸಲು ಒಂದು ಹೊತ್ತೇ ಹಿಡಿಯಿತು. ಆಮೇಲೆ ಸ್ನಾನದ ಕೋಣೆಯ ನೆಲದ ಮೇಲೆ ಕೂತು ಅತ್ತೆನೆಂದು ಬರೆದರೆ ಮುಂದೆ ಓದುವಾಗ ನನಗೇ ಹೇಸಿಗೆಯಾದೀತು. ಹಣ್ಣು ಕೂಡ ಅತಿಯಾಗಿ ಕಳಿತಿತ್ತು.

ಏಪ್ರಿಲ್ ೧೬, ಬುಧವಾರ

ಮನೋವೈದ್ಯೆ ಹೊಸ ಪಾಠ ಹೇಳಿಕೊಟ್ಟಿದ್ದಾಳೆ. ಸಂಜೆ ನಿಂತು ಬಡಿಸದೆ ಎದುರು ಕೂತು ತಿನ್ನಬೇಕಂತೆ. ಎಷ್ಟಾದರೂ ಸರಿ. ಜೊತೆಯಲ್ಲೊಬ್ಬರು ಇರಬೇಕು. ಹೆದರಿಕೆ ಬಂದರೆ ಹೆದರಿಕೆ ಎಂದೇ ಹೇಳಬೇಕು, ಹಲ್ಲು ನೋವು ಎನ್ನಬಾರದು. ಹಲ್ಲು ನೋವಿನ ವಿಷಯ ಇವಳಿಗೆ ಯಾರು ಹೇಳಿದರು ಎಂದು ಯೋಚಿಸಿದೆ. ನಾನೇ ಹೇಳಿದ್ದೆ.

ಮನೆಗೆ ಬಂದು ಇವರ ಮೇಲೆ ಹರಿಹಾಯ್ದೆ. ‘ಊರವರ ಕಣ್ಣೆಲ್ಲ ನೋಡ್ತೀರಿ, ಮನೇಲಿರೋಳು ಕಾಣ್ಸಲಿಲ್ವಾ ನಿಮಗೆ?’

ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಗಿರಾಕಿಗಳಿಗೆ ಹಾಗೆ ಒರೆಸಬೇಡಿ, ಗೆರೆ ಬೀಳುತ್ತೆ ಎಂದು ದಿನಾ ಹೇಳುವ ಮನುಷ್ಯ.

‘ಕಾಣ್ಸಿತ್ತು,’ ಎಂದರು. ‘ದಿನಾ ಕಾಣ್ತಿತ್ತು. ಏನಾದ್ರೂ ಅಂದ್ರೆ ನೀನು ಇನ್ನೂ ಕಮ್ಮಿ ಮಾಡ್ತಿದ್ದೆ. ಹುಟ್ಟುಹಬ್ಬದ ಮಾರನೇ ದಿನ ನೀರು ಕುಡಿಯೋದನ್ನೂ ಕಮ್ಮಿ ಮಾಡಿದೆ. ಆಮೇಲೆ ನಂಗೆ ಬಾಯೇ ಬರ್ಲಿಲ್ಲ.’

‘ಹೇಡಿ,’ ಎಂದೆ.

‘ಹೌದು ಮಾರಾಯ್ತಿ. ಈಗ ಕೂತ್ಕೋ.’

ಕೂತೆ. ಸೂಪು ಬಟ್ಟಲಲ್ಲೇ ತಣ್ಣಗಾಯಿತು. ಕುಡಿಯಲಿಲ್ಲ, ಚಮಚ ಮುಟ್ಟಲಿಲ್ಲ. ‘ಹೆದ್ರಿಕೆ ಆಗ್ತಿದೆ’ ಎಂದು ಮಾತ್ರ ಹೇಳಿದೆ. ಹೇಳಿದ ದನಿ ಯಾರದೋ ಅನ್ನಿಸಿತು, ಸಣ್ಣ ಹುಡುಗಿಯದು. ಇವರೂ ತಿನ್ನಲಿಲ್ಲ. ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಗೊಂಬೆಗಳ ಹಾಗೆ ಕೂತಿದ್ದೆವು. ಗೋಡೆಯಾಚೆ ಭೂಗೋಳ ಚಮಚದ ಸದ್ದಿಗೆ ಕಾದು ಕಾದು ಹಸಿದುಕೊಂಡಿರಬೇಕು.

ಏಪ್ರಿಲ್ ೨೩, ಬುಧವಾರ

ತಂಗಿ ಬಂದಳು. ಇವರೇ ಫೋನು ಮಾಡಿ ಹೇಳಿದ್ದಾರೆ. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು, ಈ ಸಲ ಅಳತೆ ನೋಡಲಿಲ್ಲ.

‘ಅವತ್ತು ಗುಟ್ಟೇನು ಅಂತ ಕೇಳಿದ್ನಲ್ಲ ಅಕ್ಕ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.’

‘ಬಿಡು. ನಿನ್ನ ನಾಲಿಗೆಗೆ ಬಿಸ್ಕತ್ತು ಸಾಕು.’

ನಕ್ಕಳು, ಅತ್ತಳು, ಮೂಗು ಒರೆಸಿಕೊಂಡಳು. ಈ ತಿಂಗಳು ಯಾವ ಬಣ್ಣ ಬಿಟ್ಟಿದ್ದೀಯ ಎಂದರೆ ಎಲ್ಲ ಪಥ್ಯ ಬಿಟ್ಟೆ ಎಂದಳು. ಎಷ್ಟು ದಿನವೋ ನೋಡೋಣ. ಇಬ್ಬರೂ ಕೂತು ಹಾಲು ಕುಡಿದೆವು. ಅವಳ ಲೋಟ ಕ್ಷಣದಲ್ಲಿ ಖಾಲಿ. ನನ್ನದು ಖಾಲಿಯಾಗುವವರೆಗೆ ಅವಳು ತನ್ನ ಅತ್ತೆಮನೆಯ ಪುರಾಣ ಹೇಳಿದಳು. ದೀರ್ಘವಾದ ಪುರಾಣ, ಹಾಗಾಗಿ ಲೋಟ ಮುಗಿಯಿತು. ಹಾಲಿಗೆ ಸಕ್ಕರೆ ಸಾಲದು.

ಸಂಜೆ ಪುಸ್ತಕ ತಿರುವುವಾಗ ಆ ಸಾಲು ಸಿಕ್ಕಿತು. ‘ಒಲೆಗೆ ಹೊಟ್ಟೆಯಿದೆ, ದೀಪಕ್ಕೆ ಬರೀ ಬಾಯಿ, ಹೊತ್ತೆಲ್ಲ ಕುಡಿಯುತ್ತದೆ.’ ಇಷ್ಟು ವರ್ಷ ನಾನು ಅರ್ಧವನ್ನು ನುಂಗಿ ಇನ್ನರ್ಧವನ್ನು ನಾನೇ ಬರೆದುಕೊಂಡಿದ್ದೆ. ಕವಿಯೂ ತಂಗಿಯ ಪಕ್ಷ. ಆದರೂ ಸಾಲು ಪರವಾಗಿಲ್ಲ. ದೀಪದ ಬಾಯಿ ಕಣ್ಣಿಗೆ ಕಟ್ಟಿತು, ಬತ್ತಿಯ ಬುಡದಲ್ಲಿ ಸಣ್ಣಗೆ ತೆರೆದದ್ದು. ನಾಲ್ಕು ಪುಟ ಮುಂದಕ್ಕೂ ಓದಿದೆ.

ಏಪ್ರಿಲ್ ೩೦, ಬುಧವಾರ

ಎಲ್ಲ ಹಾಳು. ಎರಡು ದಿನದಿಂದ ಏನೂ ಇಳಿದಿಲ್ಲ. ಮನೋವೈದ್ಯೆಗೆ ಫೋನಿನಲ್ಲಿ, ನಿಮ್ಮ ಮೆತ್ತನೆ ಕುರ್ಚಿಗೊಂದು ನಮಸ್ಕಾರ, ಇನ್ನು ಬರುವುದಿಲ್ಲ ಎಂದೆ. ‘ಹ್ಞೂಂ. ನಾಳೆ ಹತ್ತಕ್ಕೆ ಬನ್ನಿ,’ ಎಂದಳು. ಭಾಷೆ ಬಾರದ ಹೆಂಗಸು.

ಮೇ ೧, ಗುರುವಾರ

ಹೋಗಿದ್ದೆ. ಕುರ್ಚಿ ಬದಲಾಯಿಸಿದ್ದಾಳೆ, ಮರದ್ದು. ‘ನೀವು ದೂರಿದ್ರಲ್ಲ,’ ಎಂದಳು. ಬೆನ್ನು ನೋವು ಬಂತು.

ಮೇ ೭, ಬುಧವಾರ

ಚೀಟಿ ಸಿಕ್ಕಿತು. ಪೂರಾ ಚೀಟಿಯಲ್ಲ: ದಿನಕ್ಕೆ ಸ್ವಲ್ಪ ಹೊತ್ತು ಓದಬಹುದು, ತಿಂದು ಬಂದಿದ್ದರೆ ಮಾತ್ರ, ವಾರವಾರ ರಕ್ತ ಕೊಟ್ಟರೆ ಮಾತ್ರ. ಇಷ್ಟು ಷರತ್ತು ಬಾಡಿಗೆ ಮನೆಗೂ ಇರುವುದಿಲ್ಲ. ಮುಖ್ಯಸ್ಥೆ ಗಡುವು ಮುಂದೂಡಿದ್ದಾಳೆ. ಜೇನುಕಂಠ ತನಗೆ ಬೇಡವೇ ಬೇಡ, ಆಕೆಯೇ ಮುಗಿಸಲಿ ಎಂದನಂತೆ. ದೊಡ್ಡ ಮನುಷ್ಯನಾಗಲು ಇದೇ ಸಮಯ ಸಿಕ್ಕಿತು ಅವನಿಗೆ.

ಕೋಣೆಯಲ್ಲಿ ಗಾರೆಯ ವಾಸನೆ. ಕಿವಿಯಪ್ಪನಿಗೆ ಗೋಡೆಯ ವಿಷಯ ನಾನೇ ಎತ್ತಿದೆ. ‘ನಂಗೆ ಮೊದಲ ದಿನಾನೇ ಗೊತ್ತಿತ್ತು ಕಣ್ರೀ. ಸುಮ್ನಿದ್ದೆ.’

‘ಗೊತ್ತು ಮೇಡಂ,’ ಎಂದ. ‘ಹೋಗ್ಲಿ ಬಿಡಿ, ಆ ಗೋಡೆ ಮೊದ್ಲೇ ಸರಿ ಇರ್ಲಿಲ್ಲ. ಈಗ ಮೌನ ಚೆನ್ನಾಗಿ ಬರುತ್ತೆ. ತಗೊಳ್ಳೋಣ್ವಾ?’

ಕಣ್ಣು ಮುಚ್ಚಿದೆ. ಬೆಳಿಗ್ಗೆ ಒಂದು ಮೊಟ್ಟೆ, ಒಂದು ಬ್ರೆಡ್ಡು ತಿಂದಿದ್ದೆ. ಬ್ರೆಡ್ಡು ನಿನ್ನೆಯದು, ಅಂಗಡಿಯವನಿಗೆ ಹೇಳಬೇಕು. ನಿಮಿಷ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಒಳಗೆ ಗುಳುಗುಳು ಎಂದಿತು. ಚಿಕ್ಕದಾಗಿ, ಸಮಾಧಾನದ್ದು.

ಗಾಜಿನಾಚೆ ಕಿವಿಯಪ್ಪ ಹೆಡ್‌ಫೋನು ಒತ್ತಿ ಹಿಡಿದು ಕೇಳಿದ. ಮುಖ ಅರಳಿತು. ‘ಇದು ಬೇರೆ ಪೈಪು ಮೇಡಂ. ಇದರಲ್ಲಿ ನೀರು ಹರೀತಿದೆ.’

ನಗಬಾರದೆಂದುಕೊಂಡೆ. ಆ ನಿಮಿಷವೂ ಕೆಟ್ಟಿತು.

ಮೇ ೧೩, ಮಂಗಳವಾರ

ಕೊಡೆಯ ಪದ್ಯ ಮತ್ತೆ ಓದಿದೆ. ಮಾರ್ಚಿನಲ್ಲಿ ಓದಿದ್ದನ್ನು ಕಿವಿಯಪ್ಪ ಕೇಳಿಸಿದ. ನೂಲಿನಂಥ ದನಿ, ಒಂದು ಪದ ಎಲ್ಲಿ ಮುಗಿಯಿತೆಂದೇ ಗೊತ್ತಾಗುವುದಿಲ್ಲ. ಮೂಗು ಮುರಿದೆ. ಅದನ್ನು ಅಳಿಸಿ ಎಂದೆ. ಮೌನದ ತುಂಡುಗಳನ್ನು ಇಟ್ಟುಕೊಂಡಿರಲಿ, ಅದಕ್ಕೆ ಅಡ್ಡಿಯಿಲ್ಲ.

ಸಂಜೆ ಸೂಪಿಗೆ ಉಪ್ಪು ಹೆಚ್ಚಾಯಿತು. ಮಾಡಿದ್ದು ಇವರು. ಕೂತು ತಿನ್ನುವವಳು ಒಲೆಯ ಹತ್ತಿರ ನಿಲ್ಲಬಾರದು ಎಂದು ಮನೋವೈದ್ಯೆಯ ಆಜ್ಞೆ, ಹಾಗಾಗಿ ಈಗ ಇವರದೇ ಅಡುಗೆ. ಕ್ಯಾರೆಟ್ಟು ಕತ್ತರಿಸಿದ್ದು ನೋಡಿದರೆ ಕಲ್ಲುಕುಟಿಗರ ಕೆಲಸ ಅನ್ನಬೇಕು. ಇಷ್ಟು ಉಪ್ಪನ್ನು ಯಾರು ತಿಂತಾರೆ ಎಂದೆ. ‘ನೀನು,’ ಎಂದರು. ಹೆದರಿಕೆ ಇತ್ತು. ಹೆದರಿಕೆ ಎಂದು ಹೇಳಿದೆ. ‘ಹ್ಞೂಂ’ ಎಂದರು, ಇವರಿಗೂ ಆ ರೋಗ ಅಂಟಿದೆ. ನಾನು ಬೈಯುತ್ತಲೇ ಇದ್ದೆ, ಉಪ್ಪಿಗೆ, ಕ್ಯಾರೆಟ್ಟಿಗೆ, ಬಟ್ಟಲಿನ ಸೀಳಿಗೆ. ಬೈದು ಮುಗಿಸುವಷ್ಟರಲ್ಲಿ ತಳ ಕಾಣುತ್ತಿತ್ತು.

ಆಗಲೇ ಬಾಗಿಲು ತಟ್ಟಿದ ಸದ್ದು. ಭೂಗೋಳ. ಕೈಯಲ್ಲಿ ತನ್ನ ಚಮಚ ಹಾಗೇ ಇದೆ, ಊಟದ ನಡುವೆ ಎದ್ದು ಬಂದಿದ್ದಾಳೆ. ನನ್ನ ಭುಜದ ಮೇಲಿಂದ ಒಳಗೆ ಇಣುಕಿ ಮೆಲ್ಲಗೆ ಕೇಳಿದಳು:

‘ಇವತ್ತು ಎರಡು ಚಮಚ ಕೇಳಿಸ್ತು ಕಣ್ರೀ. ನೆಂಟರು ಬಂದಿದಾರಾ?’